ಹಳೇ ಬ್ಲೂಪ್ರಿಂಟ್‌ಗಳನ್ನು ಕ್ಯಾಡ್ ಫೈಲ್ ಮಾಡಿಸಿದ್ದು: ನಾಲ್ಕು ವರ್ಷದ ಅನುಭವ

ಹಳೇ ಕಟ್ಟಡಗಳ ದುರಸ್ತಿ, ವಿಸ್ತರಣೆ ನನ್ನ ಕೆಲಸ. ಹೊಸ ಕೆಲಸ ಬಂತು ಅಂದರೆ ಜೊತೆಗೆ ಒಂದು ಸುರುಳಿ ಕಾಗದವೂ ಬರುತ್ತದೆ. ಕೆಲವು ನಿಜವಾದ ಬ್ಲೂಪ್ರಿಂಟ್, ನೀಲಿ ಮೈ ಮೇಲೆ ಬಿಳಿ ಗೆರೆ. ಹೆಚ್ಚಿನವು ಆಮೇಲಿನ ಕಾಲದ ಅಮೋನಿಯಾ ಪ್ರಿಂಟ್, ತಿಳಿ ಕಾಗದದ ಮೇಲೆ ಗಾಢ ಗೆರೆ. ಮಡಿಕೆಯಲ್ಲಿ ಹರಿದಿರುತ್ತವೆ, ಗೆರೆ ಮಾಸಿರುತ್ತದೆ. ಇವನ್ನು ಆಟೋಕ್ಯಾಡ್ (ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್) ಫೈಲ್ ಮಾಡಿಸಲು ನಾಲ್ಕು ವರ್ಷದಿಂದ ಒಂದೇ ಆನ್‌ಲೈನ್ ಸೇವೆ ಬಳಸುತ್ತಿದ್ದೇನೆ. ಇನ್ನೂರಕ್ಕೂ ಜಾಸ್ತಿ ಶೀಟ್ ಆಗಿವೆ. ಹೆಸರು ಬೇಡ, ಬೈಯುವುದೂ ಸ್ವಲ್ಪ ಇದೆ.

ಅವರಲ್ಲಿ ಎರಡು ಬಗೆ. ಒಂದರಲ್ಲಿ ಸ್ಕ್ಯಾನ್ ಮಾಡಿದ ಚಿತ್ರವನ್ನು ಸಾಫ್ಟ್‌ವೇರ್ ತಾನೇ ಗೆರೆಗಳಾಗಿ ಬದಲಿಸುತ್ತದೆ. ಇನ್ನೊಂದರಲ್ಲಿ ಡ್ರಾಫ್ಟ್ಸ್‌ಮನ್ ಒಬ್ಬರು ಸ್ಕ್ಯಾನ್ ಎದುರಿಗಿಟ್ಟುಕೊಂಡು ಮೊದಲಿನಿಂದ ಬರೆಯುತ್ತಾರೆ. ಮೊದಲನೆಯದು ಅಗ್ಗ, ಅದೇ ದಿನ ಕೈಗೆ ಬರುತ್ತದೆ. ನಾನೂ ಅದಕ್ಕೇ ಮರುಳಾದೆ. ಫೈಲ್ ತೆರೆದಾಗ ನೋಡಲು ಚೆನ್ನಾಗೇ ಇತ್ತು. ಬಾಗಿಲು ತೆರೆಯುವ ಕಡೆ ತೋರಿಸುವ ಆರ್ಕ್ (ಬಾಗಿದ ಗೆರೆ) ಮೇಲೆ ಕ್ಲಿಕ್ ಮಾಡಿದೆ ನೋಡಿ, ಅದು ಆರ್ಕೇ ಅಲ್ಲ, ಪುಡಿ ಪುಡಿ ಗೆರೆಗಳ ಸಾಲು. ಗೋಡೆಗಳು ಮೂಲೆಯಲ್ಲಿ ಸೇರಿಲ್ಲ. ಕಾಗದದ ಮಡಿಕೆ ಕೂಡ ಗೆರೆಯಾಗಿ ಹಾಲ್ ನಡುವೆ ಹಾದುಹೋಗಿತ್ತು! ಗೋಡೆ, ಬಾಗಿಲು, ಅಳತೆಗೆಲ್ಲ ಬೇರೆ ಬೇರೆ ಲೇಯರ್, ಅಂದರೆ ಪದರ, ಇರಬೇಕು; ಇಲ್ಲಿ ಎಲ್ಲವೂ ಒಂದೇ ಲೇಯರ್‌ನಲ್ಲಿ. ಅದನ್ನು ರಿಪೇರಿ ಮಾಡುತ್ತಾ ಕೂರುವ ಬದಲು ಹೊಸದಾಗಿ ಬರೆಯುವುದೇ ಬೇಗ ಅಲ್ವಾ? ಅಂದಿನಿಂದ ಎರಡನೇ ಬಗೆಯೇ.

ಇಷ್ಟು ವರ್ಷ ಇವರನ್ನು ಬಿಡದಿರಲು ಕಾರಣ, ಫೈಲ್ ಜೊತೆ ಬರುವ ಪ್ರಶ್ನೆಗಳ ಹಾಳೆ. ಒಮ್ಮೆ ಒಂದು ಪ್ಲ್ಯಾನ್‌ನಲ್ಲಿ ಕಾಲಂಗಳ ನಡುವಿನ ಮೂರು ಅಳತೆ ಇದ್ದವು. 12 ಅಡಿ, ಆಮೇಲೆ 12 ಅಡಿ 3 ಇಂಚು, ಆಮೇಲೆ 10 ಅಡಿ 6 ಇಂಚು. ಕೆಳಗೆ ಒಟ್ಟು ಅಂತ 35 ಅಡಿ 2 ಇಂಚು. ಕೂಡಿ ನೋಡಿದರೆ 34 ಅಡಿ 9 ಇಂಚೇ ಆಗುತ್ತದೆ. ‘5 ಇಂಚು ಕಮ್ಮಿ ಬರುತ್ತಿದೆ, ನಡುವಿನ 3 ನಿಜಕ್ಕೂ 8 ಇರಬಹುದಾ?’ ಅಂತ ಕೇಳಿದ್ದರು. ಭೂತಗನ್ನಡಿ ಹಿಡಿದು ನೋಡಿದೆ. ಮಡಿಕೆಯಲ್ಲಿ 8ರ ಎಡಭಾಗ ಉದುರಿಹೋಗಿತ್ತು. ಸುಮ್ನೆ ಬಿಟ್ಟಿದ್ದರೆ ಒಂದು ಕಾಲಂ 127 ಮಿಲಿಮೀಟರ್ ಪಕ್ಕಕ್ಕೆ ಹೋಗಿಬಿಡುತ್ತಿತ್ತು.

ಕಾಗದದ ಮೇಲೇ ಅಳೆದುಕೊಂಡರೆ ಆಗದೇ ಅಂತ ಗೆಳೆಯರು ಕೇಳುತ್ತಾರೆ. ಆಗುವುದಿಲ್ಲ. ಕಾಲು ಇಂಚಿಗೆ ಒಂದು ಅಡಿ ಸ್ಕೇಲ್ ಅಂದರೆ 1:48. ಕಾಗದದ ಮೇಲಿನ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ಕಟ್ಟಡದಲ್ಲಿ 24 ಮಿಲಿಮೀಟರ್, ಹೆಚ್ಚುಕಮ್ಮಿ ಒಂದು ಇಂಚು. ಜೊತೆಗೆ ತೇವಕ್ಕೆ ಕಾಗದ ಹಿಗ್ಗುತ್ತದೆ, ಅದೂ ಉದ್ದಕ್ಕೆ ಒಂದಷ್ಟು, ಅಗಲಕ್ಕೆ ಇನ್ನೊಂದಷ್ಟು. ಬರೆದಿರುವ ಅಂಕಿಯನ್ನೇ ನಂಬಿ ಬರೆಯಿರಿ ಅಂತ ಪ್ರತಿ ಆರ್ಡರ್‌ನಲ್ಲೂ ಬರೆಯುತ್ತೇನೆ. ಅಂಕಿ ಇಲ್ಲದ ಕಡೆ ಅಳೆದು ಹಾಕಿದ್ದನ್ನು ಬೇರೆ ಬಣ್ಣದ ಲೇಯರ್‌ನಲ್ಲಿ ಇಡಿಸುತ್ತೇನೆ. ಮೊದಲ ವರ್ಷ ಈ ಬುದ್ಧಿ ಇರಲಿಲ್ಲ.

ಇನ್ನು ದೂರು. ಒಂದೇ ಶೀಟ್‌ನ ಎರಡು ಪ್ರತಿ ಕಳಿಸಿದಾಗ ಹಳೇ ರಿವಿಷನ್, ಅಂದರೆ ತಿದ್ದುಪಡಿಗೆ ಮೊದಲಿನ ಪ್ರತಿ, ನೋಡಿ ಬರೆದುಬಿಟ್ಟರು. ಟೈಟಲ್ ಬ್ಲಾಕ್‌ನಲ್ಲಿ (ಶೀಟ್‌ನ ವಿವರ ಬರೆದಿರುವ ಚೌಕದಲ್ಲಿ) ರಿವಿಷನ್ ನಂಬರ್ ಎದ್ದು ಕಾಣುತ್ತಿತ್ತು. ಸರಿಮಾಡಿ ಕೊಟ್ಟರು, ಆದರೆ ಒಂದು ವಾರ ಹೋಯಿತು. ಡ್ರಾಫ್ಟ್ಸ್‌ಮನ್ ಬದಲಾದಾಗಲೆಲ್ಲ ಲೇಯರ್ ಹೆಸರೂ ಬದಲಾಗುತ್ತದೆ. ಈಗ ನನ್ನದೇ ಟೆಂಪ್ಲೇಟ್ ಫೈಲ್ ಕಳಿಸುತ್ತೇನೆ, ಆ ಕಾಟ ತಪ್ಪಿದೆ. ಹ್ಯಾಚ್‌ಗಳನ್ನು (ಜಾಗ ತುಂಬುವ ಗೆರೆಗಳ ವಿನ್ಯಾಸ) ಒಡೆದು ಬಿಡಿ ಗೆರೆ ಮಾಡಿ ಕಳಿಸುವ ಚಟ ಮಾತ್ರ ಇನ್ನೂ ಹೋಗಿಲ್ಲ.

ತಪ್ಪು ನನ್ನ ಕಡೆಯಿಂದಲೂ ಆಗಿದೆ. ಶುರುವಿನಲ್ಲಿ ಮೊಬೈಲ್‌ನಲ್ಲಿ ಫೋಟೋ ತೆಗೆದು ಕಳಿಸುತ್ತಿದ್ದೆ. ಅಂಚು ಓರೆ, ಸಣ್ಣ ಅಕ್ಷರ ಮಸುಕು. ಈಗ ದೊಡ್ಡ ಸ್ಕ್ಯಾನರ್‌ನಲ್ಲಿ 400 ಡಿಪಿಐ (ಇಂಚಿಗೆ 400 ಚುಕ್ಕಿ), ಬೂದು ಛಾಯೆಗಳೂ ಉಳಿಯುವ ಗ್ರೇಸ್ಕೇಲ್. ಬರೀ ಕಪ್ಪು ಬಿಳುಪಿಗೆ ಇಳಿಸಿದರೆ ಮಾಸಿದ ಗೆರೆ ಹೋಗೇ ಹೋಗುತ್ತದೆ.

ಕಳೆದ ಬಾರಿ ಬಂದ ಹನ್ನೊಂದು ಶೀಟ್‌ನಲ್ಲಿ ಒಂದೇ ಒಂದು ತಪ್ಪು ಸಿಗಲಿಲ್ಲ. ಖುಷಿಯಿಂದ ಟೇಪ್ ಹಿಡಿದು ಕಟ್ಟಡಕ್ಕೆ ಹೋದೆ. ಡ್ರಾಯಿಂಗ್‌ನಲ್ಲಿದ್ದ ಹಿಂದಿನ ಮೆಟ್ಟಿಲು ಅಲ್ಲಿ ಇರಲೇ ಇಲ್ಲ, ಯಾರೂ ಕಟ್ಟಿಯೇ ಇರಲಿಲ್ಲ. ಅದಕ್ಕೆ ಇವರನ್ನು ಬೈಯುವ ಹಾಗಿಲ್ಲ.