ಗುಡ್ಡೆ ದಾರಿಯ ಓಟಕ್ಕೆ ಬ್ಯಾರೋಮೀಟರ್ ವಾಚು: ನಮ್ಮ ಮಳೆಯಲ್ಲಿ ಬಳಸಿದ ಅನುಭವ

ಮಂಗಳೂರಿನಲ್ಲಿ ಸಮತಟ್ಟು ಜಾಗದಲ್ಲಿ ಓಡಬೇಕೆಂದರೆ ಸಮುದ್ರದ ಬದಿಗೆ ಹೋಗಬೇಕು. ಪೂರ್ವಕ್ಕೆ ಹೊರಟರೆ ಏರು, ಇಳಿಜಾರು, ಮತ್ತೆ ಏರು. ಪದವಿನಿಂದ (ಗುಡ್ಡೆ ಮೇಲಿನ ತೆರೆದ ಜಾಗ) ಬಯಲಿಗೆ ಇಳಿದು, ತೋಡು (ಸಣ್ಣ ಹಳ್ಳ) ದಾಟಿ, ಅಡಿಕೆ ತೋಟದ ಬದಿಯಿಂದ ಮತ್ತೆ ಮುರಕಲ್ಲಿನ ಗುಡ್ಡೆ ಹತ್ತಬೇಕು. ಇಂಥ ಕಡೆ 10 ಕಿಲೋಮೀಟರ್ ಓಡಿದೆ ಎಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಎಷ್ಟು ಮೀಟರ್ ಹತ್ತಿದಿರಿ ಅನ್ನುವುದೇ ಲೆಕ್ಕ. ಆ ಲೆಕ್ಕಕ್ಕಾಗಿಯೇ ನಾನು ಬ್ಯಾರೋಮೀಟರ್ ಇರುವ ಜಿಪಿಎಸ್ ವಾಚು ತಗೊಂಡೆ. ಒಂದಕ್ಕಿಂತ ಹೆಚ್ಚು ಮಳೆಗಾಲ ಅದನ್ನು ಕೈಗೆ ಕಟ್ಟಿಕೊಂಡು ಓಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಈ ಬಗೆಯ ವಾಚು ಹಲವು ಕಂಪನಿಗಳದ್ದು ಸಿಗುತ್ತದೆ. ಎತ್ತರ ಅಳೆಯುವ ವಿಧಾನ ಎಲ್ಲದರಲ್ಲೂ ಒಂದೇ. ಹಾಗಾಗಿ ಕಂಪನಿ ಹೆಸರು ಬಿಟ್ಟು ವಾಚಿನ ವಿಷಯ ಮಾತ್ರ ಹೇಳುತ್ತೇನೆ.

ಬ್ಯಾರೋಮೀಟರ್ ಇಲ್ಲದ ಜಿಪಿಎಸ್ ವಾಚು ಕೂಡ ಎತ್ತರ ತೋರಿಸುತ್ತದೆ. ಆದರೆ ಅದಕ್ಕೆ ಸಿಗುವ ಸ್ಯಾಟಲೈಟ್‌ಗಳೆಲ್ಲ ನಮ್ಮ ತಲೆ ಮೇಲೆಯೇ ಇರುವುದರಿಂದ, ನೀವು ಎಲ್ಲಿದ್ದೀರಿ ಎನ್ನುವುದಕ್ಕಿಂತ ಎಷ್ಟು ಎತ್ತರದಲ್ಲಿದ್ದೀರಿ ಎನ್ನುವುದರಲ್ಲಿ ತಪ್ಪು ಜಾಸ್ತಿ. ಮರದಡಿ ಹೋದರೆ ಇನ್ನೂ ಜಾಸ್ತಿ. ಬ್ಯಾರೋಮೀಟರ್ ನೋಡುವುದು ಗಾಳಿಯ ಒತ್ತಡವನ್ನು. ಸಮುದ್ರಮಟ್ಟದ ಹತ್ತಿರ ಸುಮಾರು 8 ಮೀಟರ್ ಹತ್ತಿದರೆ ಒತ್ತಡ 1 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ) ಕಡಿಮೆಯಾಗುತ್ತದೆ. ಇದರಿಂದ ಸಣ್ಣ ಸಣ್ಣ ಏರು ಕೂಡ ವಾಚಿಗೆ ಗೊತ್ತಾಗುತ್ತದೆ. ವಾಮಂಜೂರಿನಿಂದ ಗುರುಪುರ ಸೇತುವೆಗೆ ಇಳಿದು ವಾಪಸ್ ಹತ್ತಿ ನೋಡಿ. ಪ್ರತಿ ಸಲವೂ ಹತ್ತಿದ ಲೆಕ್ಕ ಹೆಚ್ಚುಕಡಿಮೆ ಒಂದೇ ಬರುತ್ತದೆ. ನನಗೆ ನಂಬಿಕೆ ಬಂದಿದ್ದೇ ಅಲ್ಲಿ.

ಫೋನಿನ ಆ್ಯಪ್‌ನಲ್ಲಿ ದಾರಿ ಎಳೆದರೆ ಅದೂ ಎಷ್ಟು ಏರು ಅಂತ ಹೇಳುತ್ತದೆ ಅಲ್ವಾ, ವಾಚು ಯಾಕೆ ಎಂದು ಕೇಳುವವರಿದ್ದಾರೆ. ಹೇಳುತ್ತದೆ, ಆದರೆ ನಮ್ಮ ಕಡೆಗೆ ಅದು ಸರಿಹೋಗುವುದಿಲ್ಲ. ಇಂಥ ಹಲವು ನಕ್ಷೆಗಳ ಎತ್ತರದ ಮಾಹಿತಿಗೆ ಮೂಲ, 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಯಿಸಿ ಮಾಡಿದ ಅಳತೆ. ಅದರಲ್ಲಿ ಸುಮಾರು 30 ಮೀಟರ್ ಚೌಕಕ್ಕೆ ಒಂದು ಎತ್ತರ. ದಟ್ಟ ಮರಗಳಿದ್ದ ಕಡೆ ಆ ರೇಡಾರ್ ಪೂರ್ತಿ ನೆಲ ಮುಟ್ಟಿಲ್ಲ, ಮರದ ತಲೆಯ ಎತ್ತರವೂ ಸೇರಿಕೊಂಡಿದೆ. ಎರಡು ಗುಡ್ಡೆಗಳ ನಡುವಿನ ಇಕ್ಕಟ್ಟು ಬಯಲನ್ನು ನೆನೆಸಿಕೊಳ್ಳಿ. ಕೆಳಗೆ ತೋಡು, ಅದರ ಮೇಲೆ ಅಡಿಕೆ, ತೆಂಗು. ನಕ್ಷೆಯಲ್ಲಿ ಆ ಬಯಲು ಅರ್ಧ ತುಂಬಿಹೋಗಿರುತ್ತದೆ. ಆಮೇಲೆ ನೀರುಮಾರ್ಗದ ಕಡೆಯ ಏರಿನಲ್ಲಿ ಕಾಲು ಸೋತಾಗ, ಆ್ಯಪ್ ಹೇಳಿದ್ದಕ್ಕಿಂತ ಇದು ಜಾಸ್ತಿ ಇದೆಯಲ್ಲ ಅನಿಸುವುದು ನಿಮ್ಮ ಭ್ರಮೆಯಲ್ಲ.

ಹತ್ತಿದ ಮೀಟರ್ ಸರಿಯಾಗಿ ಗೊತ್ತಾದರೆ ದಾರಿ ಆರಿಸುವ ಕ್ರಮವೇ ಬದಲಾಗುತ್ತದೆ. ವಾಚಿನಿಂದ ನನಗಾದ ದೊಡ್ಡ ಉಪಕಾರ ಇದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಗುಡ್ಡ ನಡೆಯುವವರಿಗೆ ಒಂದು ಲೆಕ್ಕ ಕೊಟ್ಟಿದ್ದ. ಮೂರು ಮೈಲಿಗೆ ಒಂದು ಗಂಟೆ, ಹತ್ತುವ ಪ್ರತಿ 2000 ಅಡಿಗೆ ಇನ್ನೊಂದು ಗಂಟೆ. ನಮ್ಮ ಅಳತೆಗೆ ತಂದರೆ 100 ಮೀಟರ್ ಹತ್ತಿದ್ದು ಸುಮಾರು 800 ಮೀಟರ್ ಸಮತಟ್ಟು ದಾರಿಗೆ ಸಮ. ನಡೆಯುವವರ ಲೆಕ್ಕವಾದರೂ ನಿಧಾನ ಓಟಕ್ಕೆ ಚೆನ್ನಾಗಿಯೇ ಹೊಂದುತ್ತದೆ. 300 ಮೀಟರ್ ಏರು ಇರುವ 10 ಕಿಲೋಮೀಟರ್ ಅಂದರೆ ಹನ್ನೆರಡೂವರೆ ಎಂದೇ ತಿಳಿದು ಹೊರಡುತ್ತೇನೆ. ನೀರೂ ಆ ಲೆಕ್ಕದಲ್ಲೇ. ಈ ಸೆಕೆಯಲ್ಲಿ ಅದು ಸಣ್ಣ ವಿಷಯವಲ್ಲ. ಕಿಲೋಮೀಟರಿಗೆ ಎಷ್ಟು ನಿಮಿಷ ಎಂದು ನೋಡುವುದನ್ನು ಏರಿನಲ್ಲಿ ಪೂರ್ತಿ ಬಿಟ್ಟಿದ್ದೇನೆ.

ಇನ್ನು ಮಳೆ. ಈ ವಾಚಿನ ನಿಜವಾದ ಪರೀಕ್ಷೆ ಜೂನ್‌ನಿಂದ ಶುರು.

ವಾಚಿನ ಬದಿಯಲ್ಲಿ ಸಣ್ಣ ತೂತುಗಳ ಒಂದು ಸಾಲಿದೆ. ಗಾಳಿ ಒಳಗೆ ಹೋಗುವುದು ಅಲ್ಲಿಂದ. ಸಾಧಾರಣ ಮಳೆಗೆ ಏನೂ ಆಗುವುದಿಲ್ಲ. ಆದರೆ ಗಂಟೆಗಟ್ಟಲೆ ಸುರಿದಾಗ ಒದ್ದೆ ತೋಳು ಆ ತೂತಿಗೆ ಅಂಟಿಕೊಳ್ಳುತ್ತದೆ, ಇಲ್ಲವೇ ನೀರಿನ ಪೊರೆ ಕಟ್ಟುತ್ತದೆ. ಆಗ ಏರು ಹತ್ತುತ್ತಿದ್ದರೂ ಎತ್ತರದ ಅಂಕಿ ಅಲ್ಲಾಡದೆ ನಿಲ್ಲುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಒಮ್ಮೆಲೇ ಹಾರುತ್ತದೆ. ಬೇಸಿಗೆಯಲ್ಲಿ ಇದೇ ಕೆಲಸವನ್ನು ಬೆವರು ಮಾಡುತ್ತದೆ. ಒಣಗಿದ ಬೆವರಿನ ಉಪ್ಪು ಬಿಳಿಯಾಗಿ ತೂತಿನ ಬಾಯಿಗೆ ಕೂರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣಿಸುತ್ತದೆ. ಪಿನ್ ಹಾಕಿ ಕೆರೆಯಬೇಡಿ, ಒಳಗಿನ ಪೊರೆ ಹರಿಯುತ್ತದೆ. ಓಡಿ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ತೂತು ಕೆಳಗೆ ಬರುವ ಹಾಗೆ ಒಣಗಲು ಬಿಟ್ಟರೆ ಸಾಕು. ನನ್ನ ವಾಚು ಇಂದಿಗೂ ಸರಿಯಾಗಿರುವುದು ಇದರಿಂದಲೇ ಎಂದು ನಂಬಿದ್ದೇನೆ.

ಮಳೆಯದ್ದು ಇನ್ನೊಂದು ಆಟವಿದೆ. ಒತ್ತಡ ಬದಲಾಗುವುದು ಗುಡ್ಡೆ ಹತ್ತಿದಾಗ ಮಾತ್ರವಲ್ಲ, ಹವೆ ಬದಲಾದರೂ ಅಷ್ಟೇ. ಗಾಳಿಮಳೆ ಏಳುವ ಮೊದಲು ಒತ್ತಡ 2 ಹೆಕ್ಟೊಪ್ಯಾಸ್ಕಲ್ ಇಳಿಯಿತು ಅಂದುಕೊಳ್ಳಿ. ನೀವು ಸುಮ್ನೆ ನಿಂತಿದ್ದರೂ ವಾಚು 16 ಮೀಟರ್ ಹತ್ತಿದಿರಿ ಎನ್ನುತ್ತದೆ. ಜನವರಿಯಲ್ಲಿ ಹೊಂದಿಸಿದ ಎತ್ತರ ಜುಲೈಗೆ ಕೆಲಸಕ್ಕೆ ಬರುವುದಿಲ್ಲ, ಮಳೆಗಾಲದಲ್ಲಿ ಇಲ್ಲಿನ ಒತ್ತಡವೇ ಕಡಿಮೆ. ಅದಕ್ಕೆ ಎತ್ತರ ಗೊತ್ತಿರುವ ಜಾಗದಲ್ಲಿ ಆಗಾಗ ಹೊಂದಿಸಬೇಕು. ಈ ವಿಷಯದಲ್ಲಿ ನಾವು ಪುಣ್ಯವಂತರು. ಪಣಂಬೂರಿಗೋ ತಣ್ಣೀರುಬಾವಿಗೋ ಹೋಗಿ ನೀರಿನ ಅಂಚಿನಲ್ಲಿ ನಿಂತು ಸೊನ್ನೆ ಎಂದು ಹಾಕಿದರೆ ಮುಗಿಯಿತು. ಆಮೇಲೆ ಬಜಪೆ ಕಡೆ ಹತ್ತಿ ತಾಳೆ ನೋಡಬಹುದು. ಅಲ್ಲಿನ ವಿಮಾನ ನಿಲ್ದಾಣ ಗುಡ್ಡದ ತಲೆಯ ಮೇಲಿದೆ, ಎತ್ತರ ಸುಮಾರು 100 ಮೀಟರ್.

ದಾರಿ ತೋರಿಸುವ ವಿಷಯದಲ್ಲಿ ನಾನು ಇದಕ್ಕೆ ಅಷ್ಟು ಅಂಕ ಕೊಡುವುದಿಲ್ಲ. ಮೊದಲೇ ಹಾಕಿಕೊಂಡ ದಾರಿಯನ್ನು ಗೆರೆಯಾಗಿ ತೋರಿಸುತ್ತದೆ, ತಪ್ಪಿದರೆ ಕೈ ಮೇಲೆ ನಡುಗಿ ಎಚ್ಚರಿಸುತ್ತದೆ. ತೆರೆದ ಪದವಿನ ಮೇಲೆ ಅಷ್ಟು ಸಾಕು. ತೋಟದೊಳಗೆ ಹತ್ತು ಹೆಜ್ಜೆಗೊಂದು ಕವಲು. ಅಲ್ಲಿ ಗೆರೆಗೂ ಕಾಲುದಾರಿಗೂ ತಾಳೆಯಾಗುವುದಿಲ್ಲ. ಎರಡು ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಹಿಡಿಯುವ ಮಾದರಿ ಮರದಡಿ ಎಷ್ಟೋ ವಾಸಿ, ದುಡ್ಡಿದ್ದರೆ ಅದನ್ನೇ ತಗೊಳ್ಳಿ. ಆದರೂ ಈ ಮಳೆಗೆ ಯಾವ ಸಂಕ (ತೋಡು ದಾಟುವ ಕಿರುಸೇತುವೆ) ಹೋಗಿದೆ, ಯಾವ ಗೇಟಿಗೆ ಬೀಗ ಬಿದ್ದಿದೆ ಎನ್ನುವುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಒಮ್ಮೆ ತೋಟದಲ್ಲಿ ಸೋಗೆ ಎಳೆಯುತ್ತಿದ್ದ ಅಮ್ಮ ನನ್ನನ್ನು ನೋಡಿ ಕೂಗಿ ಹೇಳಿದರು, “ಆ ಕಾಲುಸಂಕ ನೀರಿಗೆ ಹೋಗಿದೆ ಮಾರಾಯ್ರೆ, ಮೇಲೆ ಶಾಲೆ ಹತ್ತಿರದಿಂದ ಹೋಗಿ.” ವಾಚಿನ ಬಾಣ ತೋಡಿನ ಕಡೆಗೇ ಇತ್ತು. ನಾನು ಶಾಲೆ ದಾರಿ ಹಿಡಿದೆ. ನಿಂತು ಎರಡು ಮಾತಾಡಿ ಮುಂದೆ ಹೋಗುವುದನ್ನು ಈ ಊರಿನ ಓಟದಲ್ಲಿ ಬಿಡಲೇಬಾರದು. ನಾವು ಓಡುವುದು ಇನ್ನೊಬ್ಬರ ಮನೆಯಂಗಳದ ಪಕ್ಕದಲ್ಲಿ.

ಉದ್ದ ಏರಿಗೆ ಉಡುಪಿ ಕಡೆ ಹೋಗುತ್ತೇನೆ. ಮಣಿಪಾಲದ ಎಂಡ್ ಪಾಯಿಂಟ್ ಮೇಲಿನ ಸಮತಟ್ಟಿನಲ್ಲಿ ಓಡುವವರು ಸ್ವರ್ಣಾ ನದಿಯ ಮಟ್ಟಕ್ಕೆ ಇಳಿದು ಹತ್ತುವುದನ್ನೂ ಒಮ್ಮೆ ನೋಡಬೇಕು, ಒಳ್ಳೆ ಕಸರತ್ತು. ಆಗುಂಬೆ ಘಾಟಿಯ ಮಾತೇ ಬೇರೆ. ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು, ನಡುವೆ ಇಳಿಜಾರು ಎನ್ನುವುದೇ ಇಲ್ಲ. ವಾಚು ಅತ್ಯಂತ ಚೆನ್ನಾಗಿ ಕೆಲಸ ಮಾಡುವುದು ಇಂಥ ಒಂದೇ ಏರಿನಲ್ಲಿ. ಪ್ರತಿ ತಿರುವಿಗೂ ಅಂಕಿ ಮೇಲೇರುವುದನ್ನು ನೋಡುತ್ತಾ ಹತ್ತುವುದು ನನಗೆ ತುಂಬಾ ಖುಷಿ. ಆದರೆ ಅದು ಅಭಯಾರಣ್ಯ. ಚೆನ್ನಾಗಿ ಬೆಳಕು ಹರಿದ ಮೇಲೆ, ಗುಂಪಿನಲ್ಲಿ, ಡಾಂಬರು ರಸ್ತೆಯ ಅಂಚಿನಲ್ಲೇ ಹೋಗಿ. ತಿರುವಿನಲ್ಲಿ ಬಸ್ಸಿಗೆ ಪೂರ್ತಿ ಜಾಗ ಬಿಡಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನ ಕಾಲುದಾರಿಗೆ ಕಾಲಿಡಬೇಡಿ.

ಉಳಿದದ್ದು ಬೇಗ ಹೇಳುತ್ತೇನೆ. ಬ್ಯಾಟರಿ ಬಗ್ಗೆ ದೂರಿಲ್ಲ. ಮಣಿಕಟ್ಟಿನ ಹೃದಯ ಬಡಿತದ ಅಂಕಿಯನ್ನು ಕಡಿದಾದ ಇಳಿಜಾರಿನಲ್ಲಿ ನಾನು ನಂಬುವುದಿಲ್ಲ, ಹೆಜ್ಜೆಯ ತಾಳವನ್ನೇ ಬಡಿತ ಎಂದು ಎಣಿಸುತ್ತದೆ. ಬಟ್ಟೆಯ ಪಟ್ಟಿ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ರಬ್ಬರಿನದ್ದು ಇರಲಿ. ಟಚ್ ಸ್ಕ್ರೀನ್ ಮಾತ್ರ ಇರುವ ವಾಚು ಬೇಡವೇ ಬೇಡ. ಮಳೆ ಹನಿ ಬಿದ್ದರೆ ತನ್ನಷ್ಟಕ್ಕೇ ಒತ್ತಿಕೊಳ್ಳುತ್ತದೆ, ಬಟನ್ ಇರಬೇಕು. ನನ್ನ ವಾಚಿನ ಚಾರ್ಜಿಂಗ್ ಪಿನ್ ಉಪ್ಪುಗಾಳಿಗೆ ಹಸಿರುಗಟ್ಟಿದಾಗ ತೋರಿಸಲು ಹೋದೆ. ಸರ್ವಿಸ್‌ನವರು ವಾಚು ತೆರೆದೂ ನೋಡದೆ ಹೊಸದು ತಗೊಳ್ಳಿ ಎಂದರು. ಬೇಸರವಾಯಿತು. ಮೆದು ಬ್ರಶ್ಶಿನಲ್ಲಿ ಉಜ್ಜಿ ಒಣಗಿಸಿದೆ, ಈಗಲೂ ಚಾರ್ಜ್ ಆಗುತ್ತಿದೆ.

ತಗೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ್ದು ಒಂದೇ: ಒಳಗೆ ಬ್ಯಾರೋಮೀಟರ್ ಇದೆಯಾ, ಇಲ್ಲ ಜಿಪಿಎಸ್‌ನಿಂದಲೇ ಎತ್ತರ ತೋರಿಸುವುದಾ? ಬಾಯಿಮಾತು ಸಾಕಾಗದಿದ್ದರೆ ಎತ್ತರದ ಪರದೆ ತೆರೆದು, ಕಟ್ಟಡದೊಳಗೇ ಒಂದು ಮಹಡಿ ಮೆಟ್ಟಿಲು ಹತ್ತಿ. ಬ್ಯಾರೋಮೀಟರ್ ಇದ್ದರೆ ಅಂಕಿ ಸ್ವಲ್ಪ ಹೊತ್ತಿನಲ್ಲೇ ಮೂರ್ನಾಲ್ಕು ಮೀಟರ್ ಏರುತ್ತದೆ.