ನಾನೂರು ಮೀಟರ್, ಮೂರನೇ ಹೀಟ್, ಐದನೇ ಲೇನ್

ಕಳೆದ ವರ್ಷ ಬೆಂಗಳೂರಿನಲ್ಲಿ ಎರಡು ದಿನ ನಡೆದ ಒಂದು ಮಾಸ್ಟರ್ಸ್ ಈಜು ಕೂಟದ, ಅಂದರೆ ದೊಡ್ಡವರಿಗಾಗಿ ವಯಸ್ಸಿನ ಗುಂಪುವಾರು ನಡೆಸುವ ಸ್ಪರ್ಧೆಯ ಬಗ್ಗೆ ಬರೆಯುತ್ತಿದ್ದೇನೆ. ಸುಮಾರು ನಾನೂರು ಜನ ಬಂದಿದ್ದರು. ಆಯೋಜಕರ ಹೆಸರು ಹೇಳುವುದಿಲ್ಲ, ಯಾಕೆಂದರೆ ಶನಿವಾರದ ತಪ್ಪನ್ನು ಭಾನುವಾರದೊಳಗೆ ತಿದ್ದಿಕೊಂಡವರು ಅವರು. ನೀರು, ಊಟ, ಶೌಚಾಲಯ ಎಲ್ಲ ಚೆನ್ನಾಗಿದ್ದವು. ನನಗೆ ಹೇಳಬೇಕಿರುವುದು ಸ್ಟಾರ್ಟ್ ಲಿಸ್ಟಿನ ಬಗ್ಗೆ. ಯಾರು ಯಾವಾಗ, ಯಾರ ಪಕ್ಕದಲ್ಲಿ ಈಜಬೇಕು ಎಂದು ಹೇಳುವ ಪಟ್ಟಿ ಅದು. ಒಂದು ಸಲಕ್ಕೆ ಒಟ್ಟಿಗೆ ಈಜುವವರ ಸರದಿಗೆ ಹೀಟ್ ಅನ್ನುತ್ತಾರೆ. ಮಾಸ್ಟರ್ಸ್‌ನಲ್ಲಿ ಹೀಟ್ ಬೇರೆ, ಫೈನಲ್ ಬೇರೆ ಅಂತ ಇಲ್ಲ. ಈಜುವುದು ಒಂದೇ ಸಲ, ಆ ಸಮಯವೇ ಫಲಿತಾಂಶ. ಆ ಒಂದು ಸಲ ಕೆಟ್ಟರೆ ತಿಂಗಳುಗಟ್ಟಲೆ ಮಾಡಿದ ಅಭ್ಯಾಸ ನೀರುಪಾಲು.

ನಾನು ಈಜು ಕಲಿತದ್ದು ನಲವತ್ತಾರನೇ ವಯಸ್ಸಿನಲ್ಲಿ, ಮಂಡಿನೋವಿಗೆ ಡಾಕ್ಟರು ಹೇಳಿದ ಮೇಲೆ. ವಯಸ್ಸನ್ನು ಆ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕುತ್ತಾರೆ. ನವೆಂಬರಿನಲ್ಲಿ ಹುಟ್ಟಿದ ನಾನು ಅರವತ್ತು ತುಂಬುವ ಮೊದಲೇ 60–64ರ ಗುಂಪಿಗೆ ಸೇರಿದ್ದೆ.

ಶನಿವಾರ ನನ್ನದು 200 ಮೀಟರ್ ಫ್ರೀಸ್ಟೈಲ್. ಪ್ರತಿ ವಯಸ್ಸಿನ ಗುಂಪಿಗೂ ಬೇರೆ ಹೀಟ್, ಅದರಲ್ಲೂ ಗಂಡಸರಿಗೆ ಒಂದು, ಹೆಂಗಸರಿಗೆ ಒಂದು. ವಾರ್ಮ್ ಅಪ್ ಎಂಟೂವರೆಗೆ ಮುಗಿಯಿತು. ನನ್ನನ್ನು ಕರೆದದ್ದು ಮಧ್ಯಾಹ್ನ ಒಂದು ನಲವತ್ತಕ್ಕೆ. ಯಾವಾಗ ಕರೆಯುತ್ತಾರೋ ಗೊತ್ತಿಲ್ಲದೆ ಊಟ ಮಾಡುವ ಹಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ. ಒದ್ದೆ ಬಟ್ಟೆಯ ಮೇಲೆ ಟವೆಲ್ ಹೊದ್ದು ಐದು ಗಂಟೆ ಕೂತು ಭುಜ ಮರಗಟ್ಟಿತ್ತು. ಎಂಟು ಲೇನುಗಳ ಕೊಳದಲ್ಲಿ ಇದ್ದವರು ಇಬ್ಬರೇ. ಇನ್ನೊಬ್ಬರು ಮೊದಲ 50 ಮೀಟರಿನಲ್ಲೇ ಕಣ್ಣಿಂದ ಮರೆಯಾದರು. ಉಳಿದದ್ದನ್ನು ಒಬ್ಬಳೇ ಈಜಿದೆ. ಅಭ್ಯಾಸದಲ್ಲಿ 4:01 ಬರುತ್ತಿದ್ದದ್ದು ಅವತ್ತು 4:09.

ಆಮೇಲೆ ಮರುದಿನದ 400 ಮೀಟರ್ ಪಟ್ಟಿಯನ್ನು ಬೆರಳಿಟ್ಟು ಎಣಿಸಿದೆ. 52 ಹೆಸರು, 19 ಹೀಟು. ಪ್ರತಿ ಹೀಟೂ ತನ್ನಲ್ಲಿರುವ ಅತಿ ನಿಧಾನದವರು ಗೋಡೆ ಮುಟ್ಟುವವರೆಗೆ ಮುಗಿಯುವುದಿಲ್ಲ. ಅಂದರೆ ಈ ಒಂದು ಸ್ಪರ್ಧೆಗೇ ಎರಡೂವರೆ ಗಂಟೆ ಬೇಕು. ಅದೇ 52 ಜನರನ್ನು ಅವರವರು ಫಾರಂನಲ್ಲಿ ಬರೆದ ಸಮಯದ ಪ್ರಕಾರ, ನಿಧಾನದವರು ಮೊದಲು, ವೇಗದವರು ಕೊನೆಗೆ ಅಂತ ಜೋಡಿಸಿದರೆ ಏಳೇ ಹೀಟು. ಗಂಟೆಯ ಮೇಲೆ ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ವಯಸ್ಸಿನ ಗುಂಪುಗಳನ್ನೂ ಗಂಡಸರು ಹೆಂಗಸರನ್ನೂ ಒಂದೇ ಹೀಟಿಗೆ ಹಾಕಲು ಮಾಸ್ಟರ್ಸ್ ನಿಯಮದಲ್ಲೇ ಅವಕಾಶ ಇದೆ. ಪದಕವನ್ನು ಹೇಗಿದ್ದರೂ ಗುಂಪುವಾರು ಕೊಡುತ್ತಾರೆ.

ಸಂಜೆ ನಾವು ಆರೇಳು ಜನ ಆಯೋಜಕರ ಮೇಜಿನ ಹತ್ತಿರ ಹೋಗಿ ಇದನ್ನೇ ಕೇಳಿಕೊಂಡೆವು. ಒಬ್ಬ ಹಿರಿಯರು ಒಪ್ಪಲಿಲ್ಲ. "ನನಗೆ ಪೈಪೋಟಿ ಕೊಡೋರು ಪಕ್ಕದ ಲೇನಲ್ಲಿ ಕಾಣಿಸಬೇಕಲ್ರೀ, ಇಲ್ಲಾಂದ್ರೆ ಯಾರನ್ನ ನೋಡ್ಕೊಂಡು ಈಜಲಿ?" ಎಂದರು. ಅವರ ಮಾತನ್ನು ತಳ್ಳಿಹಾಕಲಾರೆ. 50 ಮೀಟರಿಗೆ ಅದು ನಿಜ, ಅಲ್ಲಿ ಗುಂಪುವಾರು ಹೀಟೇ ಚೆನ್ನ. ನಿಮಿಷಗಟ್ಟಲೆ ಈಜುವ ಸ್ಪರ್ಧೆಗೆ ಮಾತ್ರ ಜೊತೆಗೆ ಬೇಕಾದದ್ದು ಓರಗೆಯವರಲ್ಲ, ನಮ್ಮ ವೇಗದವರು. ಲ್ಯಾಪ್‌ಟಾಪ್ ಮುಂದಿದ್ದ ಹುಡುಗಿ ಎಲ್ಲ ಕೇಳಿಸಿಕೊಂಡು, "ರೆಫರಿ ಸರ್ ಹತ್ರ ಕೇಳ್ತೀನಿ, ಆಂಟಿ" ಅಂದಳು.

ರಾತ್ರಿ 10:40ಕ್ಕೆ ವಾಟ್ಸಾಪ್ ಗುಂಪಿಗೆ ಹೊಸ ಪಟ್ಟಿ ಬಂತು. 400 ಮೀಟರಿಗೆ ಏಳು ಹೀಟು, ಪ್ರತಿ ಹೀಟಿನ ಪಕ್ಕದಲ್ಲಿ ಅದು ಶುರುವಾಗುವ ಅಂದಾಜು ಸಮಯ. ನಾನು ಫಾರಂನಲ್ಲಿ ಬರೆದಿದ್ದದ್ದು 8:35 ನಿಮಿಷ, ಸಿಕ್ಕಿದ್ದು ಮೂರನೇ ಹೀಟು, ಐದನೇ ಲೇನು, ಬೆಳಿಗ್ಗೆ 9:25ಕ್ಕೆ. ಎಂಟು ಲೇನಿನಲ್ಲಿ ಅತಿ ವೇಗದವರಿಗೆ ನಾಲ್ಕು, ಆಮೇಲೆ ಐದು, ಮೂರು, ಆರು, ಎರಡು, ಏಳು, ಒಂದು, ಎಂಟು. ಅಂದರೆ ಆ ಹೀಟಿನಲ್ಲಿ ನಾನು ಎರಡನೆಯವಳು. ಒಂಬತ್ತಕ್ಕೆ ಒಂದು ಬಾಳೆಹಣ್ಣು ತಿಂದು, ಕೈಕಾಲು ಸಡಿಲ ಮಾಡಿಕೊಂಡು ಹೋದೆ. ಬ್ಲಾಕ್ ಹತ್ತಿದಾಗ ಗಡಿಯಾರದಲ್ಲಿ 9:31.

ನಾನು ಉಸಿರು ತೆಗೆದುಕೊಳ್ಳುವುದು ಬಲಕ್ಕೆ. ಹೋಗುವಾಗ ನಾಲ್ಕನೇ ಲೇನಿನ ಹುಡುಗಿಯ ಹಳದಿ ಕ್ಯಾಪ್ ಕಾಣುತ್ತಿತ್ತು. ಅವಳಿಗೆ ಮೂವತ್ತೈದು ಇರಬಹುದು. ಬರುವಾಗ ಆರನೇ ಲೇನಿನ ಎಪ್ಪತ್ತು ದಾಟಿದವರ ಮೊಣಕೈ, ಪ್ರತಿ ಸಲವೂ ನನ್ನ ಕಿವಿಯ ಸಮಕ್ಕೆ. ಕೊಳದ ಎಂಟು ಉದ್ದವೂ ಹೀಗೇ. ಆರನೆಯ ಉದ್ದದಲ್ಲಿ ಕೈ ಸೋತು ನಿಧಾನ ಮಾಡೋಣ ಅನ್ನಿಸಿತು, ಆ ಮೊಣಕೈ ಮಾತ್ರ ನಿಧಾನವಾಗಲಿಲ್ಲ. ಹಾಗಾಗಿ ನಾನೂ ಬಿಡಲಿಲ್ಲ. ಮುಟ್ಟಿದಾಗ 8:21. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಈಜಿರಲಿಲ್ಲ. ಅವರು ಲೇನಿನ ಹಗ್ಗದ ಮೇಲಿಂದ ಕೈ ಚಾಚಿ, "ನೀವಿದ್ರಿ ಅಂತ ನಾನೂ ಎಳೆದೆ ಕಣಮ್ಮ" ಎಂದರು. ಅವರು ತಮ್ಮ ಗುಂಪಿನಲ್ಲಿ ಮೊದಲಿಗರಾದರು, ನನ್ನದರಲ್ಲಿ ನಾನು ಎರಡನೆಯವಳು.

ತೊಂದರೆಗಳೂ ಇದ್ದವು. ರಾತ್ರಿ ಪಟ್ಟಿ ಬದಲಾದದ್ದು ಗೊತ್ತಾಗದೆ ತುಮಕೂರಿನಿಂದ ಬಂದವರೊಬ್ಬರು ತಮ್ಮ ಹೀಟು ಮುಗಿದ ಮೇಲೆ ತಲುಪಿದರು. ಗೈರಾದವರೊಬ್ಬರ ಲೇನು ಖಾಲಿಯಿದ್ದದ್ದರಿಂದ ಅವರಿಗೆ ಈಜಲು ಸಿಕ್ಕಿತು, ಅದೂ ಅತಿ ವೇಗದವರ ಜೊತೆ. ಪಟ್ಟಿಯನ್ನು ವಾರ ಮೊದಲೇ ಹೀಗೆ ಮಾಡಿದ್ದರೆ ಆ ಪಾಡು ಇರುತ್ತಿರಲಿಲ್ಲ. ಫಾರಂನಲ್ಲಿ ಸಮಯ ಬರೆಯದೆ ಬಿಟ್ಟವರನ್ನು ಮೊದಲ ಹೀಟಿಗೆ ಹಾಕುತ್ತಾರೆ. ಅಲ್ಲಿ ಒಬ್ಬ ಯುವಕ ಐದೂ ಮುಕ್ಕಾಲು ನಿಮಿಷದಲ್ಲಿ ಮುಗಿಸಿ, ಉಳಿದ ಮೂವರು ಬರುವವರೆಗೆ ಹಗ್ಗ ಹಿಡಿದು ನಿಂತಿದ್ದ. ಅವನ ಅಲೆಗೆ ಪಕ್ಕದ ಲೇನಿನ ಅಜ್ಜಿ ಎರಡು ಸಲ ನೀರು ಕುಡಿದರು. ದಯವಿಟ್ಟು ಅಂದಾಜಾದರೂ ಸರಿ, ನಿಜವಾದ ಸಮಯ ಬರೆಯಿರಿ.

ಈ ವರ್ಷದ ಎಂಟ್ರಿ ಫಾರಂ ಬಂದಿದೆ. 200 ಮತ್ತು ಮೇಲಿನ ಎಲ್ಲ ಸ್ಪರ್ಧೆಗೂ ಸಮಯದ ಪ್ರಕಾರವೇ ಹೀಟು ಅಂತ ಮೊದಲ ಪುಟದಲ್ಲೇ ಅಚ್ಚು ಹಾಕಿದ್ದಾರೆ. ನಾನು 400ಕ್ಕೆ 8:20 ಬರೆದು, ಜೊತೆಗೆ ಮೊದಲ ಸಲ 800ಕ್ಕೂ ಹೆಸರು ಕೊಟ್ಟಿದ್ದೇನೆ.