ನವೀಕರಿಸಿದ ಬಾಡಿಗೆ ಮನೆಗೆ ಮರುಸಾಲ: ಸೇವೆಯೊಂದರ ವಿಮರ್ಶೆ

ಹಳೆಯ ಮನೆಯನ್ನು ಕೊಂಡು, ದುರಸ್ತಿ ಮಾಡಿಸಿ ಬಾಡಿಗೆಗೆ ಕೊಟ್ಟ ಮೇಲೆ, ಹೆಚ್ಚಿದ ಮೌಲ್ಯದ ಆಧಾರದಲ್ಲಿ ಹೊಸ ಸಾಲ ಎತ್ತಿ, ಹಳೆಯದನ್ನು ತೀರಿಸಿ, ಹೂಡಿದ ಹಣವನ್ನು ಹಿಂಪಡೆಯುವ ರೀಫೈನಾನ್ಸ್ ಸೇವೆಯನ್ನು ಈಚೆಗೆ ಒಂದು ಸಾಲಸಂಸ್ಥೆಯಿಂದ ಪಡೆದೆ. ಕಾಗದಪತ್ರದ ವಿಷಯದಲ್ಲಿ ಅವರನ್ನು ದೂರುವಂತಿಲ್ಲ. ಕ್ರಯಪತ್ರ, ಬಾಡಿಗೆ ಕರಾರು, ಹಳೆಯ ಸಾಲದ ಬಾಕಿ ವಿವರ ಎಲ್ಲವನ್ನೂ ಒಂದೇ ಸಲಕ್ಕೆ ಕೇಳಿದರು, ಮತ್ತೆ ಅಲೆಸಲಿಲ್ಲ.

ಎಡವಿದ್ದು ಮೌಲ್ಯಮಾಪನದಲ್ಲಿ. ಬಂದವರು ಕೋಣೆಗಳನ್ನು ಅಳೆದು, ಅಡುಗೆಮನೆಯ ಹೊಸ ಕಟ್ಟೆಯನ್ನೂ ಬಚ್ಚಲಿನ ಟೈಲ್ಸನ್ನೂ ಫೋಟೋ ತೆಗೆದುಕೊಂಡರೇ ಹೊರತು, ವೈರಿಂಗ್ ಪೂರ್ತಿ ಬದಲಾಗಿದೆ ಎಂದು ಹೇಳಿದರೂ ಮುಖ್ಯ ಸ್ವಿಚ್ ಪೆಟ್ಟಿಗೆಯ ಮುಚ್ಚಳ ತೆರೆದು ನೋಡಲಿಲ್ಲ. ಗೋಡೆಯೊಳಗಿನ ಹೊಸ ಪೈಪುಗಳಿಗೆ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಸುತ್ತಲಿನ ಅಂಥವೇ ಮನೆಗಳು ಇತ್ತೀಚೆಗೆ ಮಾರಾಟವಾದ ದರವನ್ನು ನೋಡಿ ಮೌಲ್ಯ ಕಟ್ಟುತ್ತಾರೆ, ಮಾಲೀಕನ ಖರ್ಚನ್ನು ನೋಡಿ ಅಲ್ಲ ಎಂಬುದು ಒಪ್ಪತಕ್ಕ ಮಾತೇ. ಆದರೂ ಬಿಲ್ಲುಗಳನ್ನೂ ದುರಸ್ತಿಗೆ ಮೊದಲಿನ ಚಿತ್ರಗಳನ್ನೂ ಕೈಗಿತ್ತಾಗ ತಿರುವಿಯಾದರೂ ಹಾಕಬೇಕಿತ್ತು. ಮರುಪರಿಶೀಲನೆ ಕೋರಿ ಬರೆದ ಪತ್ರಕ್ಕೆ ಒಂದೇ ವಾಕ್ಯದ ನಿರಾಕರಣೆ ಬಂತು.

ಇದು ಕೇವಲ ಮುನಿಸಿನ ಮಾತಲ್ಲ. ಕೊಂಡ ಬೆಲೆ 60, ದುರಸ್ತಿಗೆ 15 ಎಂದಿಟ್ಟುಕೊಂಡರೆ ಒಟ್ಟು ಹೂಡಿಕೆ 75. ಮೌಲ್ಯ 100 ಎಂದು ವರದಿ ಬಂದು, ಅದರ ಶೇ. 75ರಷ್ಟು ಸಾಲ ದೊರೆತರೆ ಹೂಡಿದ್ದೆಲ್ಲ ಹಿಂದಿರುಗುತ್ತದೆ. ಅದೇ ವರದಿ 90 ಎಂದರೆ ಸಾಲ 67.5ಕ್ಕೆ ಇಳಿದು, ಶುಲ್ಕಗಳನ್ನು ಬಿಟ್ಟೇ 7.5 ಗೋಡೆಯಲ್ಲಿ ಉಳಿದುಹೋಗುತ್ತದೆ. ಬಡ್ಡಿದರದಲ್ಲಿ ಕಾಲು ಶೇಕಡಾ ಚೌಕಾಸಿ ಮಾಡುವವರು ಈ ಲೆಕ್ಕದ ಕಡೆಗೆ ಹೆಚ್ಚು ಗಮನ ಕೊಡುವುದು ಒಳ್ಳೆಯದು.

ಒಂದು ವಿಷಯದಲ್ಲಿ ಮಾತ್ರ ಸಾಲ ವಿಭಾಗದ ಅಧಿಕಾರಿಯನ್ನು ಮೆಚ್ಚಬೇಕು. ಸಿಗುವಷ್ಟೂ ಸಾಲ ಎತ್ತಿರೆಂದು ಅವರು ಒತ್ತಾಯಿಸಲಿಲ್ಲ. 75ರ ಸಾಲಕ್ಕೆ ಶೇ. 9ರ ಬಡ್ಡಿಯಲ್ಲಿ 20 ವರ್ಷದ ಅವಧಿಯಾದರೆ ವರ್ಷದ ಕಂತುಗಳೇ ಸುಮಾರು 8.1 ಆಗುತ್ತವೆ, ಬಾಡಿಗೆಯ ನಿವ್ವಳ ವರಮಾನ ಕಂತಿನ 1.25 ಪಟ್ಟು ಇರಬೇಕೆಂದರೆ ವರ್ಷಕ್ಕೆ 10ಕ್ಕಿಂತ ಹೆಚ್ಚು, ಅಂದರೆ ಮನೆಯ ಮೌಲ್ಯದ ಹತ್ತನೇ ಒಂದು ಭಾಗಕ್ಕೂ ಮಿಕ್ಕಿದ ಹಣ, ಬಾಡಿಗೆಯಿಂದಲೇ ಹುಟ್ಟಬೇಕು. ಅಷ್ಟು ಬಾಡಿಗೆ ಬರುವ ಮನೆಗಳು ವಿರಳ. ಈ ಲೆಕ್ಕವನ್ನು ಅವರು ಕಾಗದದ ಮೇಲೆ ಬರೆದು ತೋರಿಸಿ, ಕಡಿಮೆ ಸಾಲದ ಸಲಹೆಯನ್ನೂ ತಾವಾಗಿಯೇ ಕೊಟ್ಟರು.

ಪ್ರೊಸೆಸಿಂಗ್ ಶುಲ್ಕವನ್ನು ಸಾಲದ ಮೊತ್ತದಲ್ಲೇ ಮುರಿದುಕೊಳ್ಳುತ್ತಾರೆ. ಅವಧಿಗೆ ಮುನ್ನ ತೀರಿಸಿದರೆ ತೆರಬೇಕಾದ ದಂಡದ ಷರತ್ತು ಕರಾರಿನ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿದೆ. ಬೇಗ ಮಾರುವ ಯೋಚನೆಯುಳ್ಳವರು ಅದನ್ನು ಮೊದಲೇ ಓದಬೇಕು. ಸಾಲ ಮಂಜೂರಾಗದಿದ್ದರೂ ಮೌಲ್ಯಮಾಪನದ ಶುಲ್ಕ ವಾಪಸು ಬರುವುದಿಲ್ಲವಾದ್ದರಿಂದ, ವರದಿಯನ್ನು ಪ್ರಶ್ನಿಸಲು ಅವಕಾಶವಿದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.